ಸೊನ್ನೆಗಿಂತ ಹತ್ತು ಕೆಳಗೆ

ಮಲ್ಪೆ ಬಂದರಿನ ಹಿಂದೆ, ಬಲೆ ಹೊಲಿಯುವ ಶೆಡ್ಡು ದಾಟಿದರೆ
ನಮ್ಮ ಐಸ್ ಪ್ಲಾಂಟು. ರಾತ್ರಿ ಪಾಳಿ ನನ್ನದು.
ಮರದ ಹಲಗೆಗಳ ಮೇಲೆ ನಡೆಯುತ್ತೇನೆ. ಹಲಗೆಯಡಿಗೆ
ಒಂದು ಕಪ್ಪು ತೊಟ್ಟಿ, ತೊಟ್ಟಿಯ ತುಂಬ ಉಪ್ಪುನೀರು,
ಅದರಲ್ಲಿ ಕತ್ತಿನವರೆಗೆ ಮುಳುಗಿ ನಿಂತ
ಇನ್ನೂರ ನಲವತ್ತು ತಗಡಿನ ಡಬ್ಬಿ, ಡಬ್ಬಿಯೊಳಗೆ
ಬಾವಿಯ ಸಿಹಿನೀರು.

ಒಂದು ಹಗಲು ಒಂದು ರಾತ್ರಿ ಕಳೆದರೆ
ಸಿಹಿನೀರು ಕಲ್ಲು.
ಕಲ್ಲಾಗಿಸಿದ ಉಪ್ಪುನೀರು ಮಾತ್ರ
ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದೂ
ತುಳುಕುತ್ತಲೇ ಇರುತ್ತದೆ, ಏನೂ ಆಗದ ಹಾಗೆ.

ಇದೆಂತ ಮಾಯೆ ಎಂದು ಕೇಳಿದ್ದೆ, ಕೆಲಸಕ್ಕೆ ಸೇರಿದ ವಾರ.
ಬೋಗ್ರ ಕುಂದರ್ ಬೀಡಿಯನ್ನು ಕಿವಿಗೆ ಸಿಕ್ಕಿಸಿದರು:
"ಮದುವೆ ಊಟಕ್ಕೆ ಪಂಕ್ತಿ ಹಾಕಿದ್ದಾರೆ ಅಂತ ತಿಳ್ಕೊ ಮಾರಾಯ.
ನೀರಿಗೂ ಸಾಲಾಗಿ ಕೂರುವ ಆಸೆ. ಕೂತರೆ ಅದೇ ಐಸು.
ಈ ಉಪ್ಪು ಉಂಟಲ್ಲ, ನೆಂಟರ ಪೋಕರಿ ಮಕ್ಕಳ ಹಾಗೆ,
ಇಬ್ಬರು ಕೂರುವಲ್ಲಿ ನಡುವೆ ನುಗ್ಗುತ್ತದೆ.
ಎಲೆ ಹಾಕಿ ಆಗಿದೆ, ಪಂಕ್ತಿ ಕೂರ್ಲಿಕ್ಕೆ ಆಗುವುದಿಲ್ಲ.
ಮತ್ತೂ ಚಳಿ ಮಾಡು, ಮತ್ತೂ ಮಾಡು,
ಆಗ ಕೂತೀತು. ಅಲ್ಲಿಯವರೆಗೆ ನಮ್ಮ ಹೊಟ್ಟೆಪಾಡು."

ಮನೆಯಲ್ಲಿ ವಾರಿಜಳ ವಾದವೇ ಬೇರೆ.
ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದಂತೆ.
ಕಣ್ಣಾರೆ ಕಂಡಿದ್ದಾಳೆ: ಚಿಟಿಕೆ ಬಿದ್ದದ್ದೇ ಭುಸ್ಸೆಂದು ನೊರೆ.
ಅದು ಹರಳಿನ ಮೈ ಹಿಡಿದು ಎದ್ದ ಗುಳ್ಳೆ, ಅಷ್ಟೆ.
ಮರುಗಳಿಗೆಗೆ ನೀರು ಗಪ್‌ಚುಪ್,
ಹೊಸ್ತಿಲಲ್ಲಿ ಏನೋ ನೆನಪಾಗಿ ನಿಂತವರಂತೆ.

ಶಾಲೆಯ ಲ್ಯಾಬಿನಿಂದ ಥರ್ಮಾಮೀಟರು ಕಡ ತಂದೆ.
ಬರೀ ನೀರು ನೂರಕ್ಕೆ ಕುದಿಯಿತು.
ಒಂದು ಲೀಟರಿಗೆ ಎರಡು ಹಿಡಿ ಉಪ್ಪು ಸುರಿದ ಮೇಲೆ
ನೂರ ಎರಡಕ್ಕೆ ಹೋದರೇ ಕುದಿ.
"ಒಂದು ಚಮಚಕ್ಕೆ ಎಷ್ಟು?"
"ಕಡ್ಡಿಯಲ್ಲಿ ಕಾಣಿಸುವಷ್ಟಿಲ್ಲ."
"ಹಾಗಾದರೆ ಈ ಎರಡು ಹಿಡಿಯ ಗಂಜಿ ನೀವೇ ಉಣ್ಣಿ,"
ಬಂಗುಡೆ ಕುಯ್ಯುವ ಕತ್ತಿ ಹಿಡಿದೇ ನಕ್ಕಳು.

ಕೂರಲು ಬಿಡದು. ಹೊರಡಲೂ ಬಿಡದು.
ಆವಿಯಾಗಿ ಎದ್ದವರ ಸೆರಗಿನ ಚುಂಗು ಹಿಡಿದು
ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ;
ಉಪ್ಪು ತಿಂದ ನೀರು ಏನು ಮಾಡಬೇಕು?

ಜುಲೈ ಮೂವತ್ತರ ರಾತ್ರಿ. ಮರುದಿನ ಮೀನುಗಾರಿಕೆ ನಿಷೇಧ ಮುಗಿದು
ದೋಣಿಗಳೆಲ್ಲ ಐಸಿಗೆ ಬಾಯಿ ಬಿಟ್ಟು ಸಾಲು ನಿಲ್ಲುವವು.
ತುಕ್ಕು ಹಿಡಿದ ಡಬ್ಬಿಗಳ ಅಂಚು ಒಡೆದು
ಸಿಹಿನೀರು ತೊಟ್ಟಿಗೆ ಸೋರಿತ್ತು, ಯಾರಿಗೂ ತಿಳಿಯದೆ.
ಅಮೋನಿಯಾ ಕೊಳವೆಗಳಿಗೆ ಐಸಿನ ಬಿಳಿ ಅಂಗಿ,
ಚಳಿ ಅಲ್ಲಿಯೇ ಸಿಕ್ಕಿಬಿದ್ದು ಡಬ್ಬಿ ಮುಟ್ಟುತ್ತಿಲ್ಲ.
ನಾನು ಹೈಡ್ರೋಮೀಟರು ಹುಡುಕುತ್ತಿದ್ದೆ.
ಬೋಗ್ರಣ್ಣ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು:
"ಸಪ್ಪೆ."

ಹನ್ನೊಂದು ಗೋಣಿ ಉಪ್ಪು ಹೊತ್ತು ಸುರಿದೆವು,
ಭುಜದ ಗೀರುಗಳು ಉರಿದುಹೋದವು.
ನಾಲ್ಕೂವರೆಗೆ ಕೊಳವೆಯ ಅಂಗಿ
ಚೂರು ಚೂರಾಗಿ ಕಳಚಿ ತೇಲಿತು.

ಈಗ ಬೋಗ್ರಣ್ಣನಿಗೆ ಬಿಪಿ. ಡಾಕ್ಟರು ಉಪ್ಪು ಬಿಡಿಸಿದ್ದಾರೆ,
ಮಗಳು ಸಾರಿಗೆ ಹಾಕುವುದನ್ನೂ ಅಳೆದು ಹಾಕುತ್ತಾಳೆ.
ಆದರೂ ಬೆಳಗಿನ ಜಾವ, ಬಂದರಿಗೆ ಗಾಳಿ ತಿನ್ನಲು ಬಂದವರ ಹಾಗೆ
ಪ್ಲಾಂಟಿನ ಬಾಗಿಲಲ್ಲಿ ಕೆಮ್ಮುತ್ತಾರೆ.
ಹಲಗೆಯೊಂದನ್ನು ಸರಿಸಿ ಕುಕ್ಕರುಗಾಲಲ್ಲಿ ಕೂತು
ಸೊನ್ನೆಗಿಂತ ಹತ್ತು ಕೆಳಗೆ ಬೆರಳು ಅದ್ದುತ್ತಾರೆ.
ನಾನು ಆ ಹೊತ್ತಿಗೆ ರಿಜಿಸ್ಟರು ಬರೆಯುತ್ತಿರುತ್ತೇನೆ,
ಬಹಳ ಕೆಲಸವಿರುವವನ ಹಾಗೆ, ಗೋಡೆಗೆ ಮುಖ ಮಾಡಿ.

"ಸರಿ ಉಂಟು," ಎನ್ನುತ್ತಾರೆ ಬೆನ್ನ ಹಿಂದೆ.