ಕಾರಣ ಎಂಬ ಕಾಲಂ

ಸೋಮವಾರ, ಮೊದಲ ಅವಧಿ. ಇಪ್ಪತ್ತೆರಡು ಮಕ್ಕಳಿಗೆ
ತಲಾ ಹತ್ತು ಸಾವಿರ ಯೂರೋ ಹಂಚಿದೆ.
ಇಲ್ಲದ ಹಣ, ಅದಕ್ಕೇ ಕೈ ಧಾರಾಳ.
ನವೆಂಬರಿನ ಕೋಸ್ಕೆಲಾ. ಎಂಟೂವರೆಯಾದರೂ ಬೆಳಗಾಗಿಲ್ಲ.
ನದಿಯಾಚೆ ಕಾಗದದ ಗಿರಣಿಯ ದೀಪಗಳು ಮಾತ್ರ
ಊರು ಎದ್ದಿದೆಯೆಂದು ಸಾಕ್ಷಿ ಹೇಳುತ್ತಿದ್ದವು.

ಷೇರು ಎಂದರೆ ಪಾಲು, ಎಂದೆ.
ಕಂಪನಿಯ ಒಂದು ಚೂರು ನಿಮ್ಮದು.
ಲಾಭ ಬಂದರೂ ನಿಮ್ಮ ಪಾಲಿಗೆ,
ಹೋದರೂ ನಿಮ್ಮ ಪಾಲಿಗೆ.
ಹಾಳೆಯಲ್ಲಿ ಐದು ಕಾಲಂ ಗೆರೆ ಎಳೆದಿದ್ದೆ:
ಹೆಸರು, ಸಂಖ್ಯೆ, ಕೊಂಡ ಬೆಲೆ, ಇಂದಿನ ಬೆಲೆ, ಕಾರಣ.
ಕೊನೆಯದು ಖಾಲಿ ಬಿಟ್ಟರೆ ಅಂಕವಿಲ್ಲ.

ಪಿಹ್ಲಾ ಲಿಫ್ಟ್ ತಯಾರಿಸುವ ಕಂಪನಿ ಕೊಂಡಳು.
ಕಾರಣ: ಯಾರಿಗೂ ಮೆಟ್ಟಿಲು ಹತ್ತಲು ಮನಸ್ಸಿಲ್ಲ.
ಏಲಿ ಒಂದೇ ದಿನ ಹದಿನಾಲ್ಕು ಸಲ ಕೊಂಡು, ಮಾರಿ,
ಬರೀ ದಲ್ಲಾಳಿಗೇ ಇನ್ನೂರು ಕಳೆದ.
ಸಾನಾ ಏನೂ ಕೊಳ್ಳಲಿಲ್ಲ,
ಅಜ್ಜಿಯನ್ನು ಕೇಳಬೇಕಂತೆ.
ಸಾಂಪ್ಸ ಮಾತ್ರ ಅಷ್ಟನ್ನೂ ತಂದು
ಗಿರಣಿಯ ಮೇಲೆ ಸುರಿದ.
ಹಂಚಿ ಹಾಕೋ ಮಾರಾಯ, ಎಂದರೆ ತಲೆಯಾಡಿಸಿದ, ಹಂಚಲಿಲ್ಲ.
ಕಾರಣ: ವಾಸನೆ.

ಹೌದು, ಪಡುವಣ ಗಾಳಿ ಬೀಸಿದ ದಿನ
ಊರಿಗೆ ಊರೇ ಬೆಂದ ಕೋಸಿನ ನಾತ.
ಹೆಲ್ಸಿಂಕಿಯ ನೆಂಟರು ಮೂಗು ಹಿಡಿದೇ ಬಸ್ಸಿಳಿಯುತ್ತಾರೆ.
ನಮಗೆ ಅದು ಗೊತ್ತೇ ಆಗುವುದಿಲ್ಲ.
ಸಾಂಪ್ಸನ ಅಪ್ಪ ಮೂರನೇ ಯಂತ್ರದಲ್ಲಿ ಇಪ್ಪತ್ತಾರು ವರ್ಷ;
ಅವನ ಕೋಟಿಗೂ ಅದೇ, ಊಟದ ಮೇಜಿಗೂ ಅದೇ.
ಅದು ಬರುವವರೆಗೆ ಸಂಬಳ ಬರುತ್ತದೆ ಎನ್ನುತ್ತಿದ್ದನಂತೆ.
ನಾನು ಕೆಂಪು ಶಾಯಿಯಲ್ಲಿ ಬರೆದೆ:
ವಾಸನೆ ವಿಶ್ಲೇಷಣೆಯಲ್ಲ. ಅರ್ಧ ಅಂಕ.

ಐದು ವಾರ ಆ ಷೇರು ಮಲಗಿದ ಬೆಕ್ಕು.
ಕಿವಿ ಒಂದಿಷ್ಟು ಅಲುಗಿದರೆ ಹೆಚ್ಚು.
ಆರನೆಯ ವಾರ, ಗುರುವಾರ, ಬೆಳಗಿನ ಸುದ್ದಿ:
ಮೂರನೇ ಯಂತ್ರ ಶಾಶ್ವತವಾಗಿ ನಿಲ್ಲುತ್ತದೆ,
ಇನ್ನೂರ ನಲವತ್ತು ಜನ ಮನೆಗೆ.
ಹತ್ತು ಗಂಟೆಯ ಹೊತ್ತಿಗೆ ಬೆಲೆ
ಶೇಕಡ ಒಂಬತ್ತು ಮೇಲೆ.
ಗೋಡೆಯ ಪರದೆಯಲ್ಲಿ ಹಸಿರು ಗೆರೆ
ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿತ್ತು.
ತರಗತಿಗೆ ಪ್ರಥಮ: ಸಾಂಪ್ಸ,
ಎಂದು ಆಟ ತಾನೇ ಘೋಷಿಸಿ
ಬಣ್ಣಬಣ್ಣದ ಕಾಗದದ ಚೂರು ಉದುರಿಸಿತು.
ಏಲಿ ಚಪ್ಪಾಳೆಗೆ ಕೈಯೆತ್ತಿದವನು
ಎರಡೂ ಕೈ ಮುಟ್ಟುವ ಮೊದಲೇ ಇಳಿಸಿದ.

ನನ್ನಲ್ಲಿ ಪಾಠ ಸಿದ್ಧವಿತ್ತು.
ವೆಚ್ಚ ಇಳಿದರೆ ಲಾಭದ ನಿರೀಕ್ಷೆ ಏರುತ್ತದೆ,
ನಿರೀಕ್ಷೆ ಏರಿದರೆ ಬೆಲೆ.
ಹೇಳಬಾರದಿತ್ತೇನೋ. ಹೇಳಿಬಿಟ್ಟೆ.
ಸರಿಯುತ್ತರವೇ ಅದು, ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ.
ಇಪ್ಪತ್ತೊಂದು ಪೆನ್ನು ಬರೆದುಕೊಂಡವು.
ಸಾಂಪ್ಸ ಕಿಟಕಿಯ ಕಡೆ ತಿರುಗಿದ್ದ.
ಅಲ್ಲಿ ಹಿಮ ಬೀಳುವುದೋ ಬೇಡವೋ ಎನ್ನುತ್ತಿತ್ತು.

ಬಹುಮಾನ, ಸಿನಿಮಾಕ್ಕೆ ಎರಡು ಟಿಕೆಟು.
ಬೇಡ ಎನ್ನುತ್ತಾನೆಂದು ಹೆದರಿದ್ದೆ,
ಅದಕ್ಕೊಂದು ಸಮಾಧಾನದ ಮಾತೂ ಹೊಂದಿಸಿಟ್ಟಿದ್ದೆ.
ಗಂಟೆ ಹೊಡೆದ ಮೇಲೆ ಬಂದು ಕೇಳಿದ:
ಮಧ್ಯಾಹ್ನದ ಆಟಕ್ಕೂ ನಡೆಯುತ್ತಾ?
ಇನ್ನು ಮೇಲೆ ಅಪ್ಪನಿಗೆ ಮಧ್ಯಾಹ್ನ ಬಿಡುವು.
ನಡೆಯುತ್ತದೆ ಎಂದೆ. ಎರಡನ್ನೂ ಮಡಚಿ
ಜೇಬಿಗಿಟ್ಟುಕೊಂಡು ಹೋದ.

ಜನವರಿಯಲ್ಲಿ ನನ್ನ ಪಿಂಚಣಿ ನಿಧಿಯ ಪತ್ರ.
ಹೂಡಿಕೆಯ ಪಟ್ಟಿಯಲ್ಲಿ, ನಾಲ್ಕನೇ ಪುಟದ ಸಣ್ಣ ಅಕ್ಷರದಲ್ಲಿ
ಗಿರಣಿ. ಇಷ್ಟು ವರ್ಷ ಓದಿರಲಿಲ್ಲ.
ಪಾಲು ಎಂದರೆ ಏನೆಂದು
ಹಲಗೆಯ ಮೇಲೆ ಬರೆದದ್ದು ನಾನೇ.

ಆ ಕೆಂಪು ಅರ್ಧವನ್ನು ತಿದ್ದೋಣವೆಂದು ಹುಡುಕಿದೆ.
ಕಡತದಲ್ಲಿ ಇಪ್ಪತ್ತೊಂದೇ ಹಾಳೆ.

ಏಪ್ರಿಲ್ ಬಂತು, ಕಿಟಕಿ ತೆರೆದೆವು.
ಪಡುವಣ ಗಾಳಿಯೇ. ಮಕ್ಕಳು
ಮೂಗರಳಿಸಿ ಏನನ್ನೋ ಹುಡುಕಿ
ಒಬ್ಬರ ಮುಖ ಒಬ್ಬರು ನೋಡಿದರು.

ಈ ಸಲದ ಹಾಳೆಗಳು ಬೇರಾವುದೋ ದೇಶದ ಕಾಗದ,
ತುಂಬ ಬಿಳಿ, ಸ್ವಲ್ಪ ತೆಳು.
ಕಾಲಂ ಐದೇ. ಕಾರಣದ್ದನ್ನು ಮಾತ್ರ
ಎರಡು ಬೆರಳು ಅಗಲ ಮಾಡಿದ್ದೇನೆ.