ಆರಬೇಕಾದ ದೀಪ

ಎರಡು ರಾತ್ರಿ ನಿಂತರೆ ಸಾಕು, ಬ್ಯಾಟರಿ ಸಾಯುತ್ತದೆ, ಅಂದಳು ಶೋಘಿಕ್.
ಗ್ಯುಮ್ರಿಯ ಚಳಿಗೆ ಸಾಯದ ಬ್ಯಾಟರಿ ಯಾವುದಮ್ಮ, ಅಂದೆ.
ಇಲ್ಲ, ಹೊಸದು ಹಾಕಿಸಿದೆ, ಅದೂ ಸತ್ತಿತು.
ಅವಳಪ್ಪನ ಮೊಸ್ಕ್ವಿಚ್, ಎಪ್ಪತ್ತನಾಲ್ಕರದು,
ಬಣ್ಣ ಒಂದು ಕಾಲಕ್ಕೆ ಹಸಿರಿದ್ದಿರಬೇಕು.

ಈಗಿನ ಕಾರಾದರೆ ಕಂಪ್ಯೂಟರು ಚುಚ್ಚಿ ಕೇಳಬಹುದು.
ಇದಕ್ಕೆ ಬಾಯಿಲ್ಲ. ವಾಸನೆ ಇದೆ:
ಕಾದ ರಬ್ಬರು, ಇಲಿಯ ಉಚ್ಚೆ,
ಯಾವುದೋ ಮದುವೆಯಲ್ಲಿ ಚೆಲ್ಲಿದ ಏಪ್ರಿಕಾಟ್ ಸಾರಾಯಿ.

ಬ್ಯಾಟರಿಯ ಮೈನಸ್ ಕಳಚಿ
ನಡುವೆ ಪುಟ್ಟದೊಂದು ಬಲ್ಬು ಕಟ್ಟಿದೆ.
ಎಲ್ಲ ಸ್ವಿಚ್ಚೂ ಆಫ್, ಬಾಗಿಲು ಭದ್ರ,
ಕೀಲಿಕೈ ಅವಳ ಕೋಟಿನ ಜೇಬಿನಲ್ಲಿ.
ಆದರೂ ಬಲ್ಬು ಮಿಣುಕಿತು,
ಕೆಂಪಗೆ, ನಾಚಿಕೆಗೆಟ್ಟು.
ಉರೀತಿದೆ! ಎಂದು ಖುಷಿಪಟ್ಟಳು.
ಉರಿಯಬಾರದು ತಾಯಿ. ಇದು ಆರಬೇಕಾದ ದೀಪ.
ಕದ್ದು ಕುಡಿಯುವವನ ಬಾಯಿಂದ ಲೋಟ ಕಿತ್ತ ಕ್ಷಣ
ತಾನೇ ಆರುತ್ತದೆ.

ಫ್ಯೂಸು ಒಂದೊಂದೇ ಕಿತ್ತೆ.
ಹಾರ್ನು ಅಲ್ಲ.
ವೈಪರ್, ಅದು ತೀರಿಕೊಂಡು ಎಷ್ಟು ಕಾಲವಾಯಿತೋ.
ಆಲ್ಟರ್ನೇಟರ್ ಮೇಲೆ ಭಾರೀ ಅನುಮಾನವಿತ್ತು,
ವೈರು ಬಿಚ್ಚಿ ನೋಡಿದರೆ, ಪಾಪ, ನಿರ್ದೋಷಿ.
ಫ್ಯೂಸಿನ ಪೆಟ್ಟಿಗೆ ಮುದುಕನ ವಸಡಿನ ಹಾಗೆ ಬೋಳಾಯಿತು.
ಬಲ್ಬು ಅಲ್ಲೇ, ಅಷ್ಟೇ ಕೆಂಪಗೆ.

ಅಂದರೆ ಕಾರ್ಖಾನೆಗೆ ಗೊತ್ತಿಲ್ಲದ ದಾರಿಯೊಂದಿದೆ.

ಪ್ಲಸ್ಸಿನ ದಪ್ಪ ಕೇಬಲ್ಲಿನ ಅಡಿಯಲ್ಲಿ
ಅವಿತು ಕೂತಿತ್ತು, ಕೆಂಪು ಬಿಳಿ ಹೆಣೆದ ತೆಳ್ಳನೆ ತಂತಿ.
ಕನ್ನಡಕ ಹಾಕುವುದೇ ಬೇಕಾಗಲಿಲ್ಲ.
ಹತ್ತೊಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಇದನ್ನೇ ಸುಲಿದು ಸುಲಿದು ನನ್ನ ಮುಂಬಲ್ಲು ಸವೆದಿದೆ.
ಜೋಡಿಸಿದ ಕಡೆ ಮೂರು ಸುತ್ತು, ಮಡಚಿ ಇನ್ನರ್ಧ.
ನಮ್ಮವರ ಗಂಟು.

ನಿಮ್ಮಪ್ಪ ಫೋನಿನ ಕೆಲಸದಲ್ಲಿದ್ದರಾ?
ಅಯ್ಯೋ, ಕ್ಷೌರಿಕ. ಕತ್ತರಿ ಬಿಟ್ಟರೆ ಬೇರೆ ಗೊತ್ತಿರಲಿಲ್ಲ.
ಬಲ್ಬು ಬದಲಿಸಲೂ ಪಕ್ಕದ ಮನೆಯವರನ್ನು ಕರೆಯುತ್ತಿದ್ದ.

ಮ್ಯಾಟಿನ ಕೆಳಗೆ, ಹೊಸ್ತಿಲ ತಗಡಿನ ಒಳಗೆ,
ಹಿಂದಿನ ಸೀಟು ಬಳಸಿ ಕಂಬಕ್ಕೆ ಹತ್ತಿ
ಸೂರಿನ ಬಟ್ಟೆಯೊಳಗೆ ಹೊಕ್ಕಿತ್ತು ತಂತಿ.
ಅಲ್ಲೊಂದು ಹೊಲಿದ ಸೀಳು.
ಬಿಚ್ಚಿದರೆ ಹೆಬ್ಬೆರಳಷ್ಟು ಬಲ್ಬು,
ಯಾವುದೋ ಮನೆಬಾಗಿಲ ಕರೆಗಂಟೆಯ ಗುಂಡಿ.

ಶೋಘಿಕ್ ತುಂಬ ಹೊತ್ತು ಮಾತಾಡಲಿಲ್ಲ.
ಆ ಚಳಿಗಾಲ ನಾವು ನಾಲ್ವರೂ ಇದರಲ್ಲೇ ಮಲಗಿದ್ದೆವು.
ನನಗೆ ನಾಲ್ಕು ವರ್ಷ.
ದೀಪದ ನೆನಪಿಲ್ಲ. ಅಪ್ಪನ ಮೊಣಕಾಲಿನ ನೆನಪಿದೆ.

ಯಾವ ಚಳಿಗಾಲ ಎಂದು ಈ ಊರಲ್ಲಿ ಯಾರೂ ಕೇಳುವುದಿಲ್ಲ.
ಎಂಬತ್ತೆಂಟರ ಡಿಸೆಂಬರು, ಎಕ್ಸ್‌ಚೇಂಜಿನ ಹಿಂಗೋಡೆ ಒಡೆದು
ಇಂಥ ತಂತಿ ಬೀದಿಗೆ ಕರುಳಿನ ಹಾಗೆ ಜಾರಿತ್ತು,
ಯಾರು ಬೇಕಾದರೂ ಒಯ್ಯಬಹುದಿತ್ತು.
ಗಂಟು ಮಾತ್ರ ಯಾರಿಗೂ ಬರುವಂಥದ್ದಲ್ಲ.
ನಮ್ಮಲ್ಲಿ ಹನ್ನೊಂದು ಮಂದಿಗೆ ಬರುತ್ತಿತ್ತು.
ಆಮೇಲೆ ನಾವು ನಾಲ್ಕೇ ಜನ.
ಒಳಗೇ ಹೆಸರು ಎಣಿಸಿದೆ, ಒಂದರಲ್ಲೂ ನಿಲ್ಲಲಾಗಲಿಲ್ಲ.

ತೊಂದರೆ ಕಂಬದ ಒಳಗಿತ್ತು.
ತಂತಿಯ ಸಿಪ್ಪೆ ಬಿರಿದು ಒದ್ದೆ ತುಕ್ಕಿಗೆ ತಾಗಿತ್ತು.
ಟೈರಿನ ಮೇಲೆ ಕೂತ ಕಾರಿಗೆ ನೆಲದ ಹಂಗಿಲ್ಲ,
ತನ್ನ ಮೈಯೇ ತನಗೆ ಭೂಮಿ.
ಆ ವರ್ಷ ಅದು ಸಣ್ಣ ಸವಲತ್ತಲ್ಲ.

ಕಟ್ಟಿಂಗ್ ಪ್ಲೇಯರು ಹಿಡಿದೇ ಇದ್ದೆ.
ಕತ್ತರಿಸಿದರೆ ಒಂದು ನಿಮಿಷದ ಕೆಲಸ.
ಕತ್ತರಿಸದೆ ಆಗುವುದಿಲ್ಲವಾ?
ಆಗುತ್ತದೆ. ಒಂದು ಗಂಟೆ ಜಾಸ್ತಿ, ಮೂರು ಸಾವಿರ ದ್ರಾಮ್ ಜಾಸ್ತಿ.
ಆಗಲಿ, ಅಂದಳು, ಚೌಕಾಸಿ ಇಲ್ಲದೆ.

ಬಿರಿದ ಕಡೆ ಹೊಸ ಕೊಳವೆ ತೊಡಿಸಿದೆ,
ಪ್ಲಸ್ಸಿನ ಬುಡದಲ್ಲಿ ಐದು ಆಂಪಿಯರಿನ ಫ್ಯೂಸಿಟ್ಟೆ.
ಗಂಟನ್ನು ಮುಟ್ಟಲಿಲ್ಲ.
ಹಿಂದಿನ ಸೀಟಿನಲ್ಲಿ ಸೊಟ್ಟಗೆ ಮಲಗಿಯೇ ಕೂಗಿದೆ: ಆರಿತಾ?
ಬಾನೆಟ್ಟಿನ ಕಡೆಯಿಂದ: ಹೂಂ, ಆರಿತು.
ಸ್ವಲ್ಪ ಹೊತ್ತಾದ ಮೇಲೆ:
ಆ ಗುಂಡಿ ಒಮ್ಮೆ ಒತ್ತಿ ನೋಡ್ತೀರಾ?