ಹನ್ನೆರಡು-ಹದಿಮೂರು

ಕಿವಿ ಮೇಲೆ ಹೂವಿಡುವುದೇ ನನ್ನ ಕೆಲಸ.
ಹೂವಿಡಲಿಕ್ಕೂ ಅಳತೆ ಬೇಕಲ್ಲ,
ಅದಕ್ಕೇ ಜಾಲಹಳ್ಳಿಯ ಈ ಕೋಣೆ:
ಗೋಡೆಗೆ, ಸೂರಿಗೆ, ನೆಲಕ್ಕೂ ಸ್ಪಂಜಿನ ಕೋರೆಹಲ್ಲು,
ನಡುವೆ ಒಂದು ಕುರ್ಚಿ.

ನಲವತ್ತೊಂದನೆಯವರು ದಸ್ತಗೀರ್ ಸಾಹೇಬರು,
ಕಲಾಸಿಪಾಳ್ಯದ ಬಸ್ ಮೆಕ್ಯಾನಿಕ್ಕು.
ಬಾನೆಟ್ಟು ಎತ್ತದೆಯೇ, ಕಣ್ಣು ಮುಚ್ಚಿ,
ಮೂರನೇ ಸಿಲಿಂಡರು ಅನ್ನುವವರು.
ಬಾಗಿಲು ಹಾಕಿದೆ. ಮೈಕಿನಲ್ಲಿ ಅವರ ದನಿ:
"ಇಷ್ಟು ಸುಮ್ಮನಿದ್ದರೆ ನಮ್ಮಲ್ಲಿ
ಗಾಡಿ ಸತ್ತಿದೆ ಅಂತ ಅರ್ಥ, ಮೇಡಂ."

ಮೊದಲು ಗೊಂಬೆಯ ಕಿವಿಯಿಂದ ಕೇಳಿಸಿದೆ.
ಯಾವುದೋ ದೇಶದ ರಬ್ಬರ್ ತಲೆ,
ಎಲ್ಲರ ಸರಾಸರಿ, ಯಾರದ್ದೂ ಅಲ್ಲ.
ಎದುರಿನಿಂದ ಬರಬೇಕಾದ ಬಸ್ಸು
ಅವರ ಹಿಂದಲೆಯಲ್ಲಿ ಹಾರ್ನ್ ಹೊಡೆಯಿತು;
ಮೇಲೆಲ್ಲೋ ಕೂಗಬೇಕಿದ್ದ ಕಾಗೆ
ದವಡೆಯೊಳಗೆ ಕೂತು ಕೂಗಿತು.
"ಯಾರ ಕಿವಿ ಇದು? ವಾಪಸ್ ಕೊಟ್ಟುಬಿಡಿ."

ಆಮೇಲೆ ಅವರದೇ ಕಿವಿ.
ಹೆಸರುಕಾಳಿನಷ್ಟು ಮೈಕು ಒಂದೊಂದರ ಬಾಗಿಲಿಗೆ.
ಕುರ್ಚಿ ಐದೈದು ಡಿಗ್ರಿ ತಿರುಗಿದಂತೆ
ಸುಯ್ ಎಂದು ಏರುವ ಸದ್ದು, ನೂರಾರು ಸಲ.
ಬಲಗಿವಿಯ ಅಂಚು ಮಡಚಿತ್ತು;
ಲೆಕ್ಕದ ಮೇಷ್ಟ್ರು ಹಿಂಡಿ ಹಿಂಡಿ ಹಾಗಾಯಿತು ಅಂದರು.
ಆ ಮಡಿಕೆಗೆ ಬಡಿದು ತಿರುಗಿದ ಅಲೆಯೇ
ಇಷ್ಟು ವರ್ಷ ಅವರಿಗೆ
ಮೇಲು ಯಾವುದು, ಕೆಳಗೆ ಯಾವುದು ಅಂತ ಹೇಳಿಕೊಟ್ಟದ್ದು
ಅವರಿಗೂ ಗೊತ್ತಿರಲಿಲ್ಲ, ಮೇಷ್ಟ್ರಿಗೂ.

ಎರಡು ವಾರ ಬಿಟ್ಟು ಕರೆದೆ. ಹೆಡ್‌ಫೋನ್ ಹಾಕಿದೆ.
ಗ್ಯಾರೇಜಿನದೇ ಸದ್ದು: ಡೀಸೆಲ್ ಗುಡುಗುಡು,
ಹುಡುಗನೊಬ್ಬನ ಶಿಳ್ಳೆ,
ಎಡಗಾಲಿನ ಹಿಂದೆ, ಸಿಮೆಂಟಿನ ಮೇಲೆ,
ಠಣ್.

ದಸ್ತಗೀರ್ ಸಾಹೇಬರು ಬಗ್ಗಿದರು.
ಕೈ ಚಾಚಿದರು.
ಬೆರಳು ಸರಿಯಾಗಿ ಆ ಜಾಗಕ್ಕೇ ಹೋಗಿ
ಕಾರ್ಪೆಟ್ಟನ್ನು ಹಿಡಿದವು.

ನಾನು ಗೆದ್ದೆ. ಆದರೂ ಆ ಖಾಲಿ ಕೈ
ನೋಡಲಾಗದೆ ಮಾನಿಟರಿನತ್ತ ತಿರುಗಿದೆ.
ಇಲ್ಲದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ
ಅವರೇ ಕೇಳಿದರು:
"ಹನ್ನೆರಡು-ಹದಿಮೂರರ ಸ್ಪ್ಯಾನರು. ಹೌದಾ?"
ಹೌದು.

ರಾತ್ರಿ ಮನೆಯಲ್ಲಿ ಅವರ ಕಿವಿಯ ಫೈಲು ಹಾಕಿಕೊಂಡು
ಅದೇ ಗ್ಯಾರೇಜು ಕೇಳಿದೆ.
ಸ್ಪ್ಯಾನರು ನನ್ನ ನೆತ್ತಿಯ ಮೇಲೆಲ್ಲೋ ಬಿತ್ತು,
ಬೀಳುತ್ತಲೇ ಇತ್ತು,
ನೆಲ ಸಿಗಲಿಲ್ಲ.